ಚಪ್ಪಲಿ ಬಿಟ್ಟು ಕೂರುವ ಅಂಗಡಿ

ಹೆಂಡದ ರುಚಿ ನೋಡುವುದರಲ್ಲಿ ನಮ್ಮ ಅವ್ವನಿಗೆ ಒಂದು ಕ್ರಮವಿತ್ತು. ದೊನ್ನೆ ಕೈಗೆ ಬಂದ ಕೂಡಲೆ ಬೆರಳದ್ದಿ ಗಂಗಮ್ಮನ ಹೆಸರಿನಲ್ಲಿ ನೆಲಕ್ಕೆ ಎರಡು ಹನಿ ಬಿಡುವಳು. ಆಮೇಲೆ ಮೂಸುವಳು. ಆಮೇಲೆ ಒಂದು ಗುಟುಕು ಬಾಯಿಗೆ ಬಿಟ್ಟುಕೊಂಡು, ಕಣ್ಣು ಮುಚ್ಚಿ, ಈ ಕೆನ್ನೆಯಿಂದ ಆ ಕೆನ್ನೆಗೆ ಆಡಿಸುವಳು. ನುಂಗಿದರೆ ಆ ಅಂಗಡಿಗೆ ಮರ್ಯಾದೆ. ಉಗಿದರೆ ಅಂಗಡಿಯವನು ಬೇರೆ ಕಡೆ ನೋಡಬೇಕಾಗುತ್ತಿತ್ತು.

ಅಮ್ಮನ ಅಮ್ಮನನ್ನು ನಮ್ಮ ಕಡೆ ಅವ್ವ ಅನ್ನುತ್ತೇವೆ. ಅವಳ ಹೆಸರು ಅಕ್ಕಯ್ಯಮ್ಮ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ. ನನ್ನನ್ನು ಎಲ್ಲರೂ ವರಾಲು ಅನ್ನುತ್ತಿದ್ದರು. ಅವ್ವ ಕುಡಿಯುವವಳಲ್ಲ. ಮಾರಿಕುಪ್ಪಂ ಸ್ಟೇಷನ್ನಿನ ಆಚೆಗಿದ್ದ ಹೆಂಡದಂಗಡಿಯ ಬಾಗಿಲಲ್ಲಿ ಬುಟ್ಟಿ ಇಟ್ಟುಕೊಂಡು ಹುರುಳಿ ಗುಗ್ಗರಿ ಮತ್ತು ಖಾರ ಹಚ್ಚಿ ಹುರಿದ ಕೆರೆಮೀನು ಮಾರುತ್ತಿದ್ದಳು. ದಿನಾ ಬೆಳಿಗ್ಗೆ ಒಂದು ಗುಟುಕು ಹೆಂಡ ನೋಡಿ, ಅದಕ್ಕೆ ತಕ್ಕ ಹಾಗೆ ಉಪ್ಪು ಖಾರ ಸರಿಮಾಡುವಳು. "ಎಂಡ ಗೊತ್ತಿಲ್ದೋಳು ಗುಗ್ರಿಗೆ ಉಪ್ಪಾಕಬಾರ್ದು" ಅನ್ನುತ್ತಿದ್ದಳು.

ನಾನು ಬುಟ್ಟಿಯ ಹಿಂದೆ ಕೂತು ಎಲೆ ಹೊಲಿಯುತ್ತಿದ್ದೆ. ಜನರ ಮುಖ ನೋಡಿ ಮಾತಾಡುವುದು ನನಗೆ ಆಗುತ್ತಿರಲಿಲ್ಲ. ಸ್ಕೂಲಿನಲ್ಲಿ ಮೇಷ್ಟ್ರು ಎಬ್ಬಿಸಿ ನಿಲ್ಲಿಸಿ ಪದ್ಯ ಹೇಳು ಅಂದರೆ ನೆಲ ನೋಡುತ್ತ ನಿಂತುಬಿಡುತ್ತಿದ್ದೆ. ಒಂದು ಮಳೆಗಾಲ ಜ್ವರ ಬಂದು ಕೆಲವು ದಿನ ಹೋಗಲಿಲ್ಲ, ಆಮೇಲೆ ಹೋಗಲೇ ಇಲ್ಲ. ಹೆಂಡದಂಗಡಿಯ ಮುಂದೆಯೂ ತಲೆ ತಗ್ಗಿಸಿಯೇ ಕೂರುತ್ತಿದ್ದೆ. ತಲೆ ತಗ್ಗಿಸಿದವಳಿಗೆ ಕಾಣುವುದು ಕಾಲುಗಳು. ಗಣಿಯವರ ಬೂಟಿನ ಮೇಲಿನ ಬೂದಿ ಬಣ್ಣದ ಧೂಳು, ರೈಲ್ವೆ ಗ್ಯಾಂಗಿನವರ ಟೈರಿನ ಚಪ್ಪಲಿ, ಹಳ್ಳಿಯಿಂದ ಬಂದವರ ಬರಿಗಾಲು. ಯಾರು ಜಗಳ ತೆಗೆಯುತ್ತಾರೆ, ಯಾರು ಮನೆಗೆ ಹೋಗಲು ಹೆದರುತ್ತಿದ್ದಾರೆ ಎಂಬುದು ಮುಖಕ್ಕಿಂತ ಮೊದಲು ಕಾಲಿಗೆ ಗೊತ್ತಾಗುತ್ತದೆ.

ಒಂದು ವರ್ಷ ಸರ್ಕಾರದವರು ಹೆಂಡದಂಗಡಿಗಳನ್ನು ಹರಾಜು ಹಾಕಿದಾಗ ಮಾರಿಕುಪ್ಪಂ ಅಂಗಡಿ ಬೇರೆಯವರಿಗೆ ಹೋಯಿತು. ಹೊಸಬರು ಒಳ್ಳೆಯ ಮಾತಿನಲ್ಲೇ ಹೇಳಿದರು: "ಅಕ್ಕಾ, ನಮ್ಮತ್ತಿಗೆ ಬೋಂಡ ಆಕ್ತಾರೆ. ಬಾಗಿಲಿಗೆ ಒಂದೇ ಬುಟ್ಟಿ. ನೀವ್ ಬೇರೆ ಕಡೆ ನೋಡ್ಕೊಳಿ."

ಅವ್ವ ಅವತ್ತು ಬುಟ್ಟಿ ಎತ್ತಿಕೊಂಡು ಬಂದವಳು ಮನೆಯ ಮೂಲೆಯಲ್ಲಿ ಬೋರಲು ಹಾಕಿದಳು.

ಮುಂದಿನ ಭಾನುವಾರವೇ ಕೋದಂಡಪ್ಪ ಮಾವ ಬೇತಮಂಗಲದಿಂದ ಬಸ್ಸಿನಲ್ಲಿ ಬಂದ. ಅವ್ವನ ಒಬ್ಬನೇ ಮಗ. ಕೆರೆಯ ಕೆಳಗೆ ಸ್ವಲ್ಪ ಗದ್ದೆ, ಎರಡು ಹಸು ಇದ್ದವು. ಟವೆಲಿನ ಗಂಟಿನಲ್ಲಿ ಬದನೆಕಾಯಿ ತಂದಿದ್ದ. ಅವನ ಎಕ್ಕಡ ಅವನಿಗಿಂತ ಮೊದಲು ಬರುತ್ತಿತ್ತು, ಅಷ್ಟು ಕಿರುಗುಟ್ಟುತ್ತಿತ್ತು.

"ಬುಟ್ಟಿ ಒತ್ತಿದ್ದು ಸಾಕಮ್ಮ," ಅಂದ. "ನಮ್ಮ ಬೀಗರು ಸಿಕ್ದಾಗೆಲ್ಲ ಕೇಳ್ತಾರೆ, ನಿಮ್ಮಮ್ಮ ಇನ್ನೂ ಎಂಡದಂಗಡಿ ಕಾಯ್ತಾಳಾ ಅಂತ. ವರಾಲೂನೂ ಕರ್ಕೊಂಡು ಬಂದ್ಬಿಡು. ಅಟ್ಟಿ ದೊಡ್ಡದೈತೆ."

"ನಿಮ್ಮ ಬೀಗರು ಕುಡಿಯೋದೇ ಇಲ್ವಾ?"

"ಕುಡೀತಾರೆ."

"ಮತ್ತೆ?"

ಮಾವ ನಕ್ಕ, ಆದರೆ ಮಾತು ಬಿಡಲಿಲ್ಲ. "ಗೌರಿ ಹಬ್ಬಕ್ಕೆ ಬತ್ತೀನಿ. ಅಷ್ಟರಲ್ಲಿ ನಿಂಗೆ ಮರ್ಯಾದೆಯಾದ ಜಾಗ ಸಿಕ್ಕಿದ್ರೆ ಸರಿ. ಇಲ್ದಿದ್ರೆ ಗಾಡಿ ತಂದು ಸಾಮಾನು ಏರಿಸ್ತೀನಿ. ಆಗ ಒಲ್ಲೆ ಅನ್ಬಾರ್ದು."

ಅವ್ವ ಒಪ್ಪಿದಳು. ಮಾವ ಕೆಟ್ಟವನಲ್ಲ. ಅವನ ಹೆಂಡತಿಯೂ ಕೆಟ್ಟವಳಲ್ಲ. ಆದರೆ ಒಂದು ಸಲ ಅವ್ವನಿಗೆ ಕಾಲುನೋವು ಅಂತ ನಾವು ಬೇತಮಂಗಲದಲ್ಲಿ ಉಳಿದಿದ್ದೆವು. ಅವಳನ್ನು ಒಲೆಯ ಹತ್ತಿರ ಯಾರೂ ಬಿಡಲಿಲ್ಲ. "ನೀವ್ ಕೂತ್ಕೊಳಿ ಅತ್ತೆ, ಕೂತ್ಕೊಳಿ" ಅನ್ನುತ್ತಿದ್ದರು. ಅವ್ವ ಜಗಲಿಯ ಮೇಲೆ ಕೂತು, ಮಡಿಲಲ್ಲಿ ಎರಡು ಕೈಯನ್ನೂ ಇಟ್ಟುಕೊಂಡಿದ್ದಳು. ಏನೂ ಮಾಡದ ಆ ಕೈಗಳು ಬೇರೆ ಯಾರವೋ ಅನ್ನುವಂತೆ ಕಂಡಿದ್ದವು. ನನಗೆ ಅದನ್ನು ಮತ್ತೆ ನೋಡುವುದು ಬೇಕಿರಲಿಲ್ಲ.

ಮಾರನೆಯ ದಿನ ಅವ್ವ ಒಳ್ಳೆಯ ಸೀರೆ ಉಟ್ಟುಕೊಂಡಳು. "ನಡಿ ವರಾಲು. ಎಣ್ಣು ನೋಡೋಕೆ ಓದಂಗೆ ಅಂಗಡಿ ನೋಡ್ಕೊಂಡು ಬರಾನ."

ಮೊದಲು ಚಾಂಪಿಯನ್ ಸ್ಟೇಷನ್ನಿನ ಪಕ್ಕದ ಅಂಗಡಿ. ತಗಡಿನ ಮಾಡು, ಒಳಗೆ ಕತ್ತಲೆ. ಅವ್ವ ಗುಟುಕು ಬಾಯಲ್ಲಿ ಆಡಿಸಿ ನುಂಗಿದಳು, ಆದರೆ ಹುಬ್ಬು ಗಂಟಿಕ್ಕಿತು. "ನೀರಾಕವ್ರೆ. ಆದ್ರೂ ಒಳ್ಳೆ ನೀರು" ಅಂದಳು. ನಾನು ಕಾಲು ನೋಡಿದೆ. ಕುಡಿಯುತ್ತಿದ್ದವರ ಕಾಲುಗಳೆಲ್ಲ ಬಾಗಿಲ ಕಡೆಗೇ ತಿರುಗಿದ್ದವು. ಯಾರೋ ಒಬ್ಬ ಬೆಂಚಿನ ಕಾಲನ್ನು ಸುಮ್ಮನೆ ಒದೆಯುತ್ತಿದ್ದ. ನಾವು ಅಲ್ಲಿಂದ ಹೊರಡುವಷ್ಟರಲ್ಲಿ ಒಳಗೆ ಒಂದು ಮಡಕೆ ಒಡೆದ ಶಬ್ದ ಬಂತು. ಅವ್ವ ತಿರುಗಿ ನೋಡದೆ, "ಸಂಬಂಧ ಬ್ಯಾಡ" ಅಂದಳು.

ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಬ್ರಾಂದಿ ಷಾಪಿತ್ತು. ಗೋಡೆಗೆ ದೊಡ್ಡ ಕನ್ನಡಿ, ಮೇಜಿಗೆ ಹೂವಿನ ಬಟ್ಟೆ. ಅಲ್ಲಿ ಅಡಿಗೆ ಮಾಡುತ್ತಿದ್ದ ಮುನಿನಾರಾಯಣಪ್ಪ ಅವ್ವನಿಗೆ ಹಳೆಯ ಪರಿಚಯ. ಹಿಂದಿನ ಬಾಗಿಲಿಗೆ ಕರೆದು, ಲೋಟದಲ್ಲಿ ಸ್ವಲ್ಪ ಬೀರು ಕೊಟ್ಟ. ಅವ್ವ ನೊರೆಯನ್ನು ಊದಿ ಪಕ್ಕಕ್ಕೆ ಸರಿಸಿದಳು.

"ಇದೇನ್ಲಾ ಸೀಗೆಕಾಯಿ ನೊರೆ ಇದ್ದಂಗೈತೆ."

"ಕುಡಿದು ಏಳಕ್ಕ. ದೊರೆಗಳು ಕುಡಿಯೋದು."

ಅವ್ವ ಬಾಯಲ್ಲಿ ಬಹಳ ಹೊತ್ತು ಆಡಿಸಿದಳು. ಉಗಿಯಲಿಲ್ಲ, ಮುನಿನಾರಾಯಣಪ್ಪನ ಮುಖ ನೋಡಿ ನುಂಗಿದಳು. "ಬೇವಿನಕಡ್ಡಿ ನೆನೆಸಿದ ನೀರು. ಜ್ವರಕ್ಕೆ ಒಳ್ಳೇದು."

"ನಿನ್ನ ಗುಗ್ರಿ ಇಲ್ಲಿ ನಡೆಯಾಕಿಲ್ಲ ಬಿಡಕ್ಕ. ಇವ್ರು ಒಬ್ಬೊಬ್ರೇ ಬತ್ತಾರೆ, ಕನ್ನಡಿ ನೋಡ್ಕೊಂಡು ಕುಡೀತಾರೆ, ಓಯ್ತಾರೆ."

ಬಾಗಿಲ ಸಂದಿಯಿಂದ ನೋಡಿದೆ. ಪಾಲಿಶ್ ಮಾಡಿದ ಷೂಗಳು ಮೇಜಿನ ಕೆಳಗೆ ಜೋಡಿ ಜೋಡಿಯಾಗಿ, ಒಂದಕ್ಕೊಂದು ದೂರ ಇದ್ದವು. ಅವು ಮಾತಾಡುತ್ತಿರಲಿಲ್ಲ. ಮುನಿನಾರಾಯಣಪ್ಪ ಹೇಳಿದ್ದು ಸರಿ.

ಉರಿಗಾಂನ ಅಂಗಡಿ ಅಶ್ವತ್ಥಪ್ಪನದು. ಅಲ್ಲಿ ಅವ್ವ ಗುಟುಕು ಬಾಯಿಗೆ ಬಿಟ್ಟುಕೊಂಡವಳು ಕಣ್ಣು ತೆರೆಯಲೇ ಇಲ್ಲ. ನುಂಗಿದಳು. ಇನ್ನೊಂದು ಗುಟುಕು ಕುಡಿದು, ಅದನ್ನೂ ನುಂಗಿದಳು. ದೊನ್ನೆ ಖಾಲಿಯಾಯಿತು. ನಾನು ಅವಳನ್ನು ಹಾಗೆ ನೋಡಿದ್ದೇ ಇಲ್ಲ.

"ಯಾವ ಕಡೆ ಮರ ಅಶ್ವತ್ಥಪ್ಪ ಇದು?"

"ನಮ್ದೇ ತೋಪು ಅಕ್ಕ, ಇಲ್ಲೇ ಗುಡ್ಡದ ಇಂದೆ. ಬೆಳಿಗ್ಗೆ ಇಳ್ಸಿದ್ದು ಬೆಳಿಗ್ಗೇನೆ ಬತ್ತದೆ."

"ಈಚಲ ಅಣ್ಣು ಕಚ್ಚಿದಂಗೈತೆ ಕಣಪ್ಪ."

ಅಶ್ವತ್ಥಪ್ಪನಿಗೆ ಆದ ಸಂತೋಷ ಅವನ ಹೆಬ್ಬೆರಳಿನಲ್ಲಿ ಕಂಡಿತು. ಅದು ನೆಲವನ್ನು ಕೆರೆಯುತ್ತಿತ್ತು. "ನಾಳೆಯಿಂದ್ಲೇ ಬಂದು ಕೂತ್ಕೊ ಅಕ್ಕ, ನನ್ನ ಬಾಗ್ಲಿಗೆ ಯಾರೂ ಇಲ್ಲ" ಅಂದ.

ಬಾಗಿಲಿಗೆ ಯಾಕೆ ಯಾರೂ ಇಲ್ಲ ಎಂದು ಅವ್ವ ಕೇಳಲಿಲ್ಲ. ಆದರೂ ಅವಳು ಮಾತಿಗೆ ತಪ್ಪುವವಳಲ್ಲ. ನೋಡುತ್ತೇನೆ ಅಂದ ಅಂಗಡಿಗಳನ್ನೆಲ್ಲ ನೋಡಬೇಕು. ರೈಲು ಹತ್ತಿ ಬಂಗಾರಪೇಟೆಗೆ ಹೋದೆವು.

ಅಲ್ಲಿ ಸ್ಟೇಷನ್ನಿನ ಹಿಂದೆ, ದೊಡ್ಡ ಹುಣಸೆಮರದ ಕೆಳಗೆ ನರಸಮ್ಮನ ಅಂಗಡಿ. ಹರಾಜು ಕೂಗಿದ್ದು ಅವಳ ಗಂಡ. ಮಡಕೆಯ ಹತ್ತಿರ ಕೂರುವವಳು ಅವಳು. ದಪ್ಪಗಿದ್ದಳು, ಬಾಯಿತುಂಬ ಎಲೆ ಅಡಿಕೆ. ಅವ್ವ ಹನಿ ಬಿಟ್ಟು, ಮೂಸಿ, ಬಾಯಿಗೆ ಹಾಕಿಕೊಂಡಳು. ಮುಖ ಮುದುಡಿತು. ಮರದ ಬುಡಕ್ಕೆ ಹೋಗಿ ಉಗಿದು ಬಂದಳು.

"ಏನಮ್ಮ ಇದು, ಮೊಸರಿನ ಮಡಕೆ ತೊಳೆದ ನೀರಾ?"

ನರಸಮ್ಮ ಸಿಟ್ಟಾಗಲಿಲ್ಲ. "ಮರಗಳು ದೂರ ಅಕ್ಕ. ಗಾಡಿ ಮೇಲೆ ಬರೋ ಒತ್ಗೆ ಉಳಿ ತಿರುಗ್ತದೆ. ನಾನೇನ್ ಮಾಡ್ಲಿ, ಮರಾನ ನಡೆಸ್ಕೊಂಡು ಬರ್ಲಾ?"

ಕುಡಿಯುತ್ತಿದ್ದವರು ನಕ್ಕರು. ಒಬ್ಬ, "ಉಳಿ ಇಲ್ದಿದ್ರೆ ನಮ್ಗೆ ನರಸಮ್ಮನ ಅಂಗ್ಡಿ ಅಂತ ಎಂಗ್ ಗೊತ್ತಾಗ್ತದೆ" ಅಂದ.

ಅವ್ವ ಆಗಲೇ ಸ್ಟೇಷನ್ನಿನ ಕಡೆ ನಡೆದಿದ್ದಳು. ನಾನು ಒಂದು ಕ್ಷಣ ನಿಂತೆ. ನರಸಮ್ಮ ಅಂಗಡಿಯ ನೆಲವನ್ನು ಸಗಣಿಯಿಂದ ಸಾರಿಸಿ, ಹೊಸ್ತಿಲಿಗೆ ರಂಗೋಲಿ ಬಿಟ್ಟಿದ್ದಳು. ಯಾರ ಕಾಲಲ್ಲೂ ಏನೂ ಇರಲಿಲ್ಲ. ಹೊರಗೆ ಮರದ ಬೇರಿನ ಉದ್ದಕ್ಕೂ ಬೂಟು, ಟೈರಿನ ಚಪ್ಪಲಿ, ಎಕ್ಕಡ, ಒಂದರ ಮೇಲೊಂದು ಬಿದ್ದಿದ್ದವು. ಒಳಗೆ ಗಂಡಸರು ಚಕ್ಕಳಮಕ್ಕಳ ಹಾಕಿ, ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. ಯಾರದೋ ಟ್ರಾನ್ಸಿಸ್ಟರು ಮೆಲ್ಲಗೆ ಹಾಡುತ್ತಿತ್ತು. ಹೆಂಡದಂಗಡಿಯಲ್ಲಿ ಜನ ಚಪ್ಪಲಿ ಬಿಟ್ಟು ಕೂರುವುದನ್ನು ನಾನು ಅದೇ ಮೊದಲು ನೋಡಿದ್ದು.

ರೈಲಿನಲ್ಲಿ ಹೇಳೋಣ ಅಂದುಕೊಂಡೆ. ಅವ್ವ ಕಿಟಕಿಗೆ ಮುಖ ಮಾಡಿ, "ಈಚಲ ಅಣ್ಣು, ಈಚಲ ಅಣ್ಣು" ಅನ್ನುತ್ತಿದ್ದಳು. ಮಾತು ನನ್ನ ಹಲ್ಲಿನ ಹಿಂದೆಯೇ ಉಳಿಯಿತು.

ಉರಿಗಾಂನಲ್ಲಿ ಬುಟ್ಟಿ ಇಟ್ಟೆವು. ಅವ್ವ ಅಂಥ ಹೆಂಡಕ್ಕೆ ತಕ್ಕ ಗುಗ್ಗರಿ ಬೇಕು ಎಂದು ಕೊಬ್ಬರಿ ತುರಿದು ಹಾಕಿದಳು. ಮೀನಿಗೆ ಮೆಣಸಿನಕಾಯಿ ಹೊಸದಾಗಿ ಹುರಿದು ಕುಟ್ಟಿದಳು. ಗಣಿಯ ಸಂಗು, ಪಾಳಿ ಬಿಡುವ ಸೈರನ್ನು, ಕೂಗಿತು. ಪಾಳಿ ಮುಗಿಸಿದವರು ಗುಂಪಾಗಿ ಬಂದರು, ಬೂಟು ಕಾಲಲ್ಲೇ ನಿಂತು, ಒಂದು ಸೇರು ಎತ್ತಿ ಗಟಗಟ ಕುಡಿದು, ಮೀಸೆ ಒರೆಸಿಕೊಂಡು ಹೋದರು. ಅಂಥ ಹೆಂಡಕ್ಕೆ ನೆಂಚಿಕೊಳ್ಳಲು ಏನೂ ಬೇಕಾಗಿರಲಿಲ್ಲ. ಒಬ್ಬ ತಮಿಳಿನವನು ಬಗ್ಗಿ ನೋಡಿ, "ಪಾಟಿ, ವೀಟ್ಲ ಸೋರು ರೆಡಿ" ಎಂದು ಹೊಟ್ಟೆ ತಟ್ಟಿಕೊಂಡು, ಅಜ್ಜೀ ಮನೆಯಲ್ಲಿ ಅನ್ನ ಆಗಿದೆ ಅನ್ನುವಂತೆ ಮನೆಯ ಕಡೆ ಕೈ ತೋರಿಸಿದ. ಮನೆಗಳ ಸಾಲು ಅಲ್ಲೇ, ಕೂಗಿದರೆ ಕೇಳುವಷ್ಟು ಹತ್ತಿರ. ಮಧ್ಯಾಹ್ನಕ್ಕೆ ಮಡಕೆ ಬರಿದಾಗುತ್ತಿತ್ತು, ಅಶ್ವತ್ಥಪ್ಪ ಬಾಗಿಲು ಹಾಕುತ್ತಿದ್ದ. ನಮ್ಮ ಬುಟ್ಟಿ ಹೋದ ಹಾಗೆಯೇ ಬರುತ್ತಿತ್ತು.

ಅವ್ವ ಉಪ್ಪು ಬದಲಾಯಿಸಿದಳು. ಖಾರ ಕಡಿಮೆ ಮಾಡಿದಳು, ಹೆಚ್ಚು ಮಾಡಿದಳು. ಬೆಳ್ಳುಳ್ಳಿ ಹಾಕಿದಳು, ತೆಗೆದಳು. ಸಾಯಂಕಾಲ ನಾವಿಬ್ಬರೂ ಗುಗ್ಗರಿಯನ್ನೇ ಊಟ ಮಾಡುತ್ತಿದ್ದೆವು. ಪಕ್ಕದ ಮನೆಯ ಮುನಿಶಾಮಮ್ಮನ ಹಸುವೂ ಉಳಿದದ್ದನ್ನು ತಿಂದು ನುಣ್ಣಗಾಯಿತು. "ನಿಮ್ಮವ್ವ ನಮ್ಮಸೂಗೆ ಸೀಮಂತ ಮಾಡ್ತವ್ಳೆ" ಎಂದು ಮುನಿಶಾಮಮ್ಮ ನಗುತ್ತಿದ್ದಳು. ಗೌರಿ ಹಬ್ಬ ಹತ್ತಿರ ಬಂತು. ಅಂಗಡಿಗಳಲ್ಲಿ ಬಾಗಿನದ ಮೊರ ಕಟ್ಟಿ ತೂಗುಹಾಕಿದ್ದರು.

ಒಂದು ಸಂಜೆ ಅವ್ವ ಬುಟ್ಟಿ ತೊಳೆದಿಟ್ಟು ಬಂದು ಕೂತಳು. ಕೈ ಎರಡೂ ಮಡಿಲಲ್ಲಿದ್ದವು. ಬೇತಮಂಗಲದ ಜಗಲಿಯ ಮೇಲೆ ನೋಡಿದ್ದ ಕೈಗಳು.

ನಾನು ಆ ಕೈ ನೋಡುತ್ತಲೇ ಹೇಳಿದೆ. "ಅವ್ವಾ, ಬಂಗಾರಪೇಟೆ ಅಂಗ್ಡಿಗೆ ಓಗಾನ."

"ಆ ಮೊಸರು ನೀರಿಗಾ?"

"ಅಲ್ಲಿ ಚಪ್ಲಿ ಬಿಟ್ಟು ಕೂತ್ಕೊತಾರೆ."

"ಬಿಟ್ರೆ?"

"ಚಪ್ಲಿ ಬಿಟ್ಟು ಕೂತೋನು ಜಲ್ದಿ ಏಳಾಕಿಲ್ಲ. ಏಳ್ದಿದ್ರೆ ಅಸಿವಾಗ್ತದೆ." ಮಾತು ಹೊರಗೆ ಬಿದ್ದಮೇಲೆ ಉಳಿದದ್ದೂ ಬಂತು. "ಎಂಡ ಉಳಿ ಇದ್ರೆ ಬಾಯಿಗೆ ಏನಾರ ಬೇಕು ಅವ್ವ. ಉರಿಗಾಂನಲ್ಲಿ ಎಂಡಾನೇ ಊಟ ಆಗ್ತದೆ. ಅಲ್ಲಿರೋರು ರೈಲು ಕಾಯೋರು. ಅವ್ರ ಮನೆ ಅತ್ರ ಇಲ್ಲ."

ಅವ್ವ ನನ್ನನ್ನು ನೋಡಿದಳು. ನಾನು ಅಷ್ಟು ಮಾತು ಒಟ್ಟಿಗೆ ಆಡಿದ್ದು ಅವಳಿಗೆ ನೆನಪಿರಲಾರದು. "ಅವತ್ತೇ ಯಾಕೆ ಈ ಮಾತು ಏಳ್ಲಿಲ್ಲ?"

"ನೀನು ಈಚಲ ಅಣ್ಣು ಅಂತಿದ್ದೆ."

ಅವಳು ಮಡಿಲಿನಿಂದ ಕೈ ತೆಗೆದು ಎದ್ದಳು. ಹುರುಳಿ ನೆನೆಹಾಕಿದಳು. "ಕೆಟ್ಟ ಎಂಡದ ಮುಂದೆ ಕೂತಳು ಅಂತ ನನ್ನ ಎಸರು ಕೆಡ್ತದೆ" ಎಂದು ಗೊಣಗುತ್ತಲೇ ಇದ್ದಳು.

ಬಂಗಾರಪೇಟೆಯಲ್ಲಿ ನರಸಮ್ಮ ಅವಳನ್ನು ಮರೆತಿರಲಿಲ್ಲ. "ಬಂದ್ಯಾ ಅಕ್ಕ? ಉಗಿಯೋಕೆ ಮರ ಅಲ್ಲೇ ಐತೆ."

"ಉಗಿಯೋಕೆ ಬಂದಿಲ್ಲ. ಜಾಗ ಕೇಳೋಕೆ ಬಂದಿವ್ನಿ."

"ನನ್ನ ಎಂಡಾನ ಬೈದೋಳಿಗೆ ನಾನ್ಯಾಕ್ ಜಾಗ ಕೊಡ್ಲಿ?"

"ಬೈದೋಳು ಅಂತಾನೇ ಕೊಡು. ಒಗಳಿದೋಳು ಸುಳ್ಳು ಏಳ್ತಾಳೆ."

ನರಸಮ್ಮ ಎಲೆ ಅಡಿಕೆ ಉಗಿದು ಬಂದು ನಕ್ಕಳು. "ಕೂತ್ಕೊ. ಚಪ್ಲಿ ಸಾಲಿನ ಈ ಕಡೆ ಕೂತ್ಕೊ. ರಂಗೋಲಿ ತುಳೀಬ್ಯಾಡ."

ಮೊದಲ ದಿನ ಅರ್ಧ ಬುಟ್ಟಿ ಹೋಯಿತು. ಅವ್ವನಿಗೆ ಅದು ಸಾಲಲಿಲ್ಲ. ಮೀನನ್ನೂ ಆ ಹೆಂಡವನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡಳು. ಈ ಸಲ ಉಗಿಯದೆ ನುಂಗಿದಳು, ಕಷ್ಟಪಟ್ಟು. "ಉಳಿ ಮೇಲೆ ಉಳಿ ಬಿದ್ದದೆ" ಅಂದಳು. ಮದುವೆಯಾದಾಗಿನಿಂದ ಅವಳು ಮೀನಿಗೆ ಹಚ್ಚುವ ಖಾರದಲ್ಲಿ ಹುಣಸೆಹಣ್ಣು ಇಲ್ಲದೆ ಇರುತ್ತಿರಲಿಲ್ಲ. ಮಾರನೆಯ ದಿನ ಹುಣಸೆ ತೆಗೆದಳು. ಅದೂ ಹುಣಸೆಮರದ ಕೆಳಗೇ ಕೂತು ಮಾರುವ ಮೀನಿನಿಂದ. ನರಸಮ್ಮ ಅದನ್ನು ಹೇಳಿಕೊಂಡು ದಿನವೆಲ್ಲ ನಕ್ಕಳು.

ಆಮೇಲೆ ಬುಟ್ಟಿ ಖಾಲಿಯಾಗತೊಡಗಿತು. ಒಳಗಿನಿಂದ "ಅಜ್ಜೀ, ಎಲ್ಡು ಮೀನು", "ಪಾಟಿ, ಇನ್ನೊಂದೆಲೆ" ಎಂದು ಕೂಗುತ್ತಿದ್ದರು. ಬೂಟು ಹಾಕಿಕೊಂಡು ಹೊರಗೆ ಬರಲು ಸೋಮಾರಿತನಪಟ್ಟು ಯಾರೂ ಏಳುತ್ತಿರಲಿಲ್ಲ. ನಾನೇ ಎಲೆ ಹಿಡಿದು ಒಳಗೆ ಹೋಗಬೇಕಾಯಿತು. ಮೊದಲು ಹೊಸ್ತಿಲಲ್ಲೇ ಇಟ್ಟು ಬರುತ್ತಿದ್ದೆ. ಬರಿಗಾಲುಗಳ ನಡುವೆ ನಡೆಯುವುದಕ್ಕೆ ಅಷ್ಟೇನೂ ಹೆದರಿಕೆಯಾಗುವುದಿಲ್ಲ ಎಂದು ಆಮೇಲೆ ಗೊತ್ತಾಯಿತು. ನಾನು ಹೋದರೆ ಅವರು ಕಾಲು ಮಡಿಚಿ ದಾರಿ ಬಿಡುತ್ತಿದ್ದರು.

ಗೌರಿ ಹಬ್ಬದ ಹಿಂದಿನ ದಿನ, ಬೆಂಗಳೂರಿಗೆ ಹೋಗುವ ರೈಲು ಬಂದು ಹೋದ ಮೇಲೆ, ಆ ಕಿರುಗುಟ್ಟುವ ಶಬ್ದ ಕೇಳಿಸಿತು. ತಲೆ ಎತ್ತದೆಯೇ ಗೊತ್ತಾಯಿತು. ಮಾವ ಮಾರಿಕುಪ್ಪಂಗೆ ಹೋಗಿ, ಮುನಿಶಾಮಮ್ಮನನ್ನು ಕೇಳಿಕೊಂಡು, ಇಲ್ಲಿಗೆ ಬಂದಿದ್ದ.

"ಗಾಡಿಯೋನಿಗೆ ಏಳಿವ್ನಿ ಅಮ್ಮ," ಅಂದ. "ಬೆಳಿಗ್ಗೆ ಬತ್ತದೆ."

ಅವ್ವ ಮೀನು ತಿರುವುತ್ತ, "ಜಾಗ ಸಿಕ್ತಲ್ಲ" ಅಂದಳು.

"ಮರ್ಯಾದೆಯಾದ ಜಾಗ ಅಂದಿದ್ದೆ. ಇದೂ ಎಂಡದಂಗ್ಡಿನೇ."

"ಒಳಗೋಗಿ ನೋಡು. ನೋಡಿ ಏಳು."

"ನಾನ್ಯಾಕೆ ಓಗ್ಲಿ? ಇಲ್ಲಿಂದ್ಲೇ ಕಾಣ್ತದೆ."

ಅವನು ಹೊಸ್ತಿಲ ಹತ್ತಿರ ನಿಂತ. ನಾನು ಅವನ ಎಕ್ಕಡವನ್ನೇ ನೋಡುತ್ತಿದ್ದೆ. ಅವು ಸ್ಟೇಷನ್ನಿನ ಕಡೆ ತಿರುಗಿದ್ದವು. ಒಳಗೆ ಗ್ಯಾಂಗಿನವನೊಬ್ಬ ನಿದ್ದೆ ಹೋಗಿದ್ದ, ಅವನ ತಲೆಯ ಕೆಳಗೆ ಯಾರೋ ಟವೆಲು ಮಡಿಚಿ ಇಟ್ಟಿದ್ದರು. ಇಬ್ಬರು ಮುದುಕರು ಎತ್ತಿನ ಕಾಯಿಲೆಯ ಬಗ್ಗೆ ಮಾತಾಡುತ್ತಿದ್ದರು. ಒಬ್ಬನ ಮಾತು ಮಾವನ ಕಿವಿಗೆ ಬಿತ್ತು.

"ಕಾಲುಬಾಯಿಗೆ ಬೇವಿನೆಣ್ಣೆ ಅಚ್ಚಬಾರ್ದು ಕಣಯ್ಯ," ಎಂದ ಮಾವ, ಹೊರಗಿನಿಂದಲೇ. "ಉರೀತದೆ."

"ಮತ್ತೇನ್ ಅಚ್ಬೇಕು? ಅಲ್ಲಿ ನಿಂತು ಏಳಿದ್ರೆ ಕೇಳ್ಸಾಕಿಲ್ಲ, ಬಾರಯ್ಯ."

ಮಾವ ಒಂದು ಹೆಜ್ಜೆ ಇಟ್ಟ. ನರಸಮ್ಮ ಮಡಕೆಯ ಹಿಂದಿನಿಂದ, "ರಂಗೋಲಿ" ಅಂದಳು.

ಅವನು ಕೆಳಗೆ ನೋಡಿದ. ಬಲಗಾಲಿನ ಎಕ್ಕಡ ಬಿಟ್ಟ. ಎಡಗಾಲಿನದೂ ಬಿಟ್ಟ.

ಅವ್ವ ನನ್ನ ಮೊಣಕೈ ತಿವಿದಳು. ಎಲೆಯಲ್ಲಿ ದೊಡ್ಡ ಮೀನು ಹಾಕಿ ಕೊಟ್ಟಳು. ನಾನು ಒಳಗೆ ಹೋಗಿ ಮಾವನ ಮುಂದಿಟ್ಟೆ. ಅವನು ಎತ್ತಿನ ಕಾಲಿಗೆ ಉಪ್ಪುನೀರು ಹೇಗೆ ಹಾಕಬೇಕೆಂದು ಹೇಳುತ್ತಲೇ ಒಂದು ತುಂಡು ಬಾಯಿಗಿಟ್ಟುಕೊಂಡ. ಮಾತು ನಿಂತಿತು.

"ಉಣಸೆ ಆಕಿಲ್ವಾ ಅಮ್ಮ?" ಎಂದು ಅಲ್ಲಿಂದಲೇ ಕೂಗಿದ.

"ಇಲ್ಲಿ ಎಂಡಕ್ಕೆ ಬ್ಯಾಡ ಕಣ್ಲಾ."

ನರಸಮ್ಮ ಅವನಿಗೊಂದು ದೊನ್ನೆ ಕೊಟ್ಟಳು. ಮಾವ ಕುಡಿದ, ಮುಖ ಹಿಂಡಿದ, ಕೂಡಲೆ ಮೀನು ಕಚ್ಚಿದ. ಮುದುಕರು ಅವನ ಮುಖ ನೋಡಿ ನಕ್ಕರು. ಅವನೂ ನಕ್ಕ, ಗೋಡೆಗೆ ಬೆನ್ನು ಕೊಟ್ಟ.

ಬೇತಮಂಗಲದ ಬಸ್ಸಿನ ಹೊತ್ತಿಗೆ ಹೊರಗೆ ಬಂದ. ಎಕ್ಕಡ ಮೆಟ್ಟುತ್ತ, ಅವ್ವನ ಮುಖ ನೋಡದೆ ಹೇಳಿದ: "ಈ ಮೀನು ಎಲ್ಲಿಂದ ತರ್ತೀಯ?"

"ಇಲ್ಲೇ ಸಂತೇಲಿ."

"ಕೆಸರು ವಾಸನೆ. ನಮ್ಮ ಕೆರೆದು ಕಳಿಸ್ತೀನಿ, ಬಸ್ಸಲ್ಲಿ."

"ಗಾಡಿ?"

"ಗಾಡಿಯೋನಿಗೆ ಬ್ಯಾಡ ಅಂತೀನಿ." ನಾಲ್ಕು ಹೆಜ್ಜೆ ನಡೆದು ತಿರುಗಿದ. "ಆದ್ರೆ ಅಮ್ಮ, ಆ ಎಂಡ ಬಲು ಕೆಟ್ಟದಾಗೈತೆ."

"ಗೊತ್ತು" ಅಂದಳು ಅವ್ವ, ಬುಟ್ಟಿಯ ಬಟ್ಟೆ ಸರಿಮಾಡುತ್ತ. ಒಳಗಿನಿಂದ ಯಾರೋ ಗುಗ್ಗರಿ ಕೂಗಿದರು. ನಾನು ಎಲೆ ತೆಗೆದುಕೊಂಡು ಎದ್ದೆ.